ಕ್ಲೋನ್ ಬೇಗ ಮುಗೀತು, ಬ್ಲೇಮ್ ಮುಗೀಲೇ ಇಲ್ಲ

ನಮ್ಮ ಟೀಮಲ್ಲಿ ಬಿಲ್ಡ್ ಮೆಷಿನ್‌ಗಳನ್ನ, ಅಂದ್ರೆ ಕೋಡಿಂದ ಪ್ರೋಗ್ರಾಂ ಕಟ್ಟೋ ಕಂಪ್ಯೂಟರ್‌ಗಳನ್ನ, ನೋಡ್ಕೊಳ್ಳೋದು ನನ್ನ ಕೆಲಸ. ಗಿಟ್‌ನಲ್ಲಿರೋ (ಕೋಡ್ ಬದಲಾವಣೆಗಳ ಲೆಕ್ಕ ಇಡೋ ಸಾಫ್ಟ್‌ವೇರ್) ನಮ್ಮ ರೆಪೊ, ಅಂದ್ರೆ ಕೋಡ್ ಸಂಗ್ರಹ, ಹಳೇದು, ಪ್ರತಿ ಜಾಬೂ (ತಾನಾಗೇ ಓಡೋ ಕೆಲಸ) ಸರ್ವರಿಂದ ಪೂರ್ತಿ ಹಿಸ್ಟರಿ ಕ್ಲೋನ್, ಅಂದ್ರೆ ಕಾಪಿ, ಮಾಡ್ತಿತ್ತು, ಎಲ್ಲರೂ ಕಾಯ್ತಾ ಕೂರ್ಬೇಕಿತ್ತು. ಅದಕ್ಕೆ ಪಾರ್ಷಿಯಲ್ ಕ್ಲೋನ್‌ಗೆ ಬದಲಾಯಿಸ್ದೆ, 'ಬ್ಲಾಬ್ ನನ್' (blob:none) ಫಿಲ್ಟರ್ ಹಾಕಿ. ಅಂದ್ರೆ ಕಮಿಟ್ (ಒಂದೊಂದು ಬದಲಾವಣೆಯ ದಾಖಲೆ), ಟ್ರೀ (ಆಗ ಯಾವ್ಯಾವ ಫೈಲ್ ಇತ್ತು ಅನ್ನೋ ಪಟ್ಟಿ) ಎಲ್ಲಾ ಬರ್ತವೆ, ಫೈಲ್ ಒಳಗಿರೋದನ್ನ ಇಟ್ಕೊಂಡಿರೋ ಬ್ಲಾಬ್‌ಗಳು ಮಾತ್ರ ಸರ್ವರಲ್ಲೇ ಉಳೀತವೆ, ಚೆಕ್‌ಔಟ್ ಮಾಡುವಾಗ, ಅಂದ್ರೆ ಒಂದು ಕಮಿಟ್‌ನ ಫೈಲ್‌ಗಳನ್ನ ಡಿಸ್ಕ್ ಮೇಲೆ ತೆಗೆದಿಡುವಾಗ, ಆ ಕಮಿಟ್‌ಗೆ ಬೇಕಾದಷ್ಟನ್ನ ಗಿಟ್ ಒಂದೇ ಸಲ ತರಿಸ್ಕೊಳ್ಳತ್ತೆ. ಕ್ಲೋನ್ ಟೈಮ್ ನೋಡಿ ಖುಷಿಯಾಗಿ ಎಲ್ಲಾ ಜಾಬ್‌ಗೂ ಅದನ್ನೇ ಹಾಕ್ಬಿಟ್ಟೆ.

ರಾತ್ರಿ ಓಡೋ ಒಂದು ಜಾಬ್ ಇದೆ, ಪ್ರತಿ ಫೈಲ್ ಮೇಲೂ ಗಿಟ್ ಬ್ಲೇಮ್ (ಪ್ರತಿ ಸಾಲನ್ನ ಕೊನೇಲಿ ಯಾರು, ಯಾವ ಕಮಿಟಲ್ಲಿ ಬದಲಾಯಿಸಿದ್ರು ಅಂತ ಹೇಳೋ ಕಮಾಂಡ್) ಓಡಿಸಿ ಯಾವ ಭಾಗ ಯಾರು ಬರೆದಿದ್ದು ಅಂತ ಪಟ್ಟಿ ಮಾಡತ್ತೆ. ಮಾರನೇ ದಿನ ಬೆಳಿಗ್ಗೆ ಬಂದು ನೋಡಿದ್ರೆ ಅದು ಇನ್ನೂ ಓಡ್ತಾನೇ ಇತ್ತು, ಎರರ್ ಇಲ್ಲ, ಸಿಪಿಯು ಹೆಚ್ಚುಕಮ್ಮಿ ಖಾಲಿ. ನೆಟ್‌ವರ್ಕ್ ಸ್ಲೋ ಇರ್ಬೇಕು ಅಂತ ಅದನ್ನ ನೋಡ್ಕೊಳ್ಳೋರಿಗೆ ಮೆಸೇಜ್ ಕೂಡ ಹಾಕ್ದೆ, ಅವರ ಕಡೆ ಏನೂ ತಪ್ಪಿರ್ಲಿಲ್ಲ.

ಆಮೇಲೆ ಗಿಟ್ ಒಳಗೆ ಏನೇನು ಮಾಡ್ತಿದೆ ಅಂತ ತೋರಿಸೋ ಗಿಟ್ ಟ್ರೇಸ್ ಆನ್ ಮಾಡಿ ಒಂದೇ ಒಂದು ಫೈಲ್ ಮೇಲೆ ಬ್ಲೇಮ್ ಓಡಿಸಿದಾಗ ವಿಷಯ ಗೊತ್ತಾಯ್ತು: ಫೆಚ್ (ಸರ್ವರಿಂದ ತರಿಸ್ಕೊಳ್ಳೋದು), ಮತ್ತೆ ಫೆಚ್, ಮತ್ತೆ ಫೆಚ್, ಒಂದೊಂದರಲ್ಲೂ ಒಂದೇ ಬ್ಲಾಬ್. ಬ್ಲೇಮ್ ಕೆಲಸ ಮಾಡೋ ರೀತಿನೇ ಹಾಗೆ, ಈ ಸಾಲು ಹಿಂದಿನ ಕಮಿಟಲ್ಲೂ ಇತ್ತಾ ಅಂತ ನೋಡೋಕೆ ಆ ಹಳೇ ಫೈಲ್ ಬೇಕು, ಅದು ಬಂದು ಹೋಲಿಸಿ ನೋಡಿದ ಮೇಲೇನೇ ಅದಕ್ಕಿಂತ ಹಿಂದಿಂದು ಬೇಕಾ ಬೇಡ್ವಾ ಗೊತ್ತಾಗೋದು, ಹಾಗಾಗಿ ಎಲ್ಲಾ ಒಟ್ಟಿಗೆ ಕೇಳಲ್ಲ. ಲೋಕಲಲ್ಲಿ ಇಲ್ಲದ ಆಬ್ಜೆಕ್ಟ್ (ಕಮಿಟ್, ಟ್ರೀ, ಬ್ಲಾಬ್ ಯಾವುದಾದ್ರೂ) ಬೇಕಾದಾಗೆಲ್ಲ ಗಿಟ್ ಒಳಗಿಂದ ಇನ್ನೊಂದು ಫೆಚ್ ಶುರು ಮಾಡತ್ತೆ, ಹೊಸ ಕನೆಕ್ಷನ್, ಹೊಸ ಲಾಗಿನ್, ಆಬ್ಜೆಕ್ಟ್ ತುಂಬ್ಕೊಂಡು ಬರೋ ಸಣ್ಣದೊಂದು ಪ್ಯಾಕ್. ಡೌನ್‌ಲೋಡ್ ಆಗೋ ಬೈಟ್ಸ್ ಕಮ್ಮಿನೇ, ಟೈಮೆಲ್ಲಾ ಹೋಗಿ ಬರೋದರಲ್ಲೇ ಕಳೀತಿತ್ತು, ಅದಕ್ಕೇ ಸಿಪಿಯು ಸುಮ್ನಿತ್ತು.

ಅಂದ್ರೆ ನಾನು ಉಳಿಸಿದೀನಿ ಅಂದ್ಕೊಂಡಿದ್ದ ಡೌನ್‌ಲೋಡ್ ಉಳಿದೇ ಇರ್ಲಿಲ್ಲ, ಬ್ಲೇಮ್ ತಲೆ ಮೇಲೆ ಹೋಗಿ ಕೂತಿತ್ತು ಅಷ್ಟೇ, ಅದೂ ಬಿಡಿ ಬಿಡಿಯಾಗಿ. ಕ್ಲೋನ್ ಟೈಮ್ ಒಂದನ್ನೇ ಅಳೆದಿದ್ದು ನನ್ನ ತಪ್ಪು. ಫೈಲ್ ಹೆಸರು ಕೊಟ್ಟು ಗಿಟ್ ಲಾಗ್ (ಕಮಿಟ್‌ಗಳ ಪಟ್ಟಿ) ನೋಡಿದ್ರೆ ಈ ಕ್ಲೋನಲ್ಲಿ ತೊಂದ್ರೆನೇ ಇಲ್ಲ, ಅದಕ್ಕೆ ಟ್ರೀ ಸಾಕು. ಅದೇ ಲಾಗ್‌ಗೆ ಪ್ಯಾಚ್, ಅಂದ್ರೆ ಬದಲಾದ ಸಾಲುಗಳನ್ನ, ತೋರಿಸು ಅಂದ್ರೆ, ಇಲ್ಲಾ ಒಂದು ಪದ ಯಾವಾಗ ಬಂತು ಅಂತ ಹುಡುಕಿದ್ರೆ, ಬ್ಲಾಬ್ ಬೇಕೇ ಬೇಕು. ಟ್ರೀನೂ ಬಿಟ್ಟು ಕ್ಲೋನ್ ಮಾಡಿದ್ರಂತೂ ಆ ಸಾದಾ ಲಾಗ್ ಕೂಡ ಸರ್ವರ್ ಬಾಗಿಲು ತಟ್ತಾ ಇರತ್ತೆ, ಒಂದು ಸಲ ಬಿಲ್ಡ್ ಮಾಡಿ ಬಿಸಾಕೋ ಮೆಷಿನ್ ಬಿಟ್ಟು ಬೇರೆಲ್ಲೂ ಅದು ಬೇಡ ಅಂತೀನಿ.

ಈಗ ಬ್ಲೇಮ್ ಜಾಬ್‌ಗೆ ಪೂರ್ತಿ ಕ್ಲೋನ್ ಒಂದನ್ನ ಮೆಷಿನಲ್ಲೇ ಇಟ್ಟು ದಿನಾ ಫೆಚ್ ಮಾತ್ರ ಮಾಡ್ತೀವಿ, ಉಳಿದ ಬಿಲ್ಡ್‌ಗಳು ಪಾರ್ಷಿಯಲ್ಲಲ್ಲೇ ಇವೆ. ಯಾರಾದ್ರೂ ಆಗ್ಲೇ ಪಾರ್ಷಿಯಲ್ ಕ್ಲೋನ್ ಮಾಡ್ಕೊಂಡು ಹಿಸ್ಟರಿ ಜಾಲಾಡ್ಬೇಕು ಅಂದ್ರೆ ಗಿಟ್ 2.49ರಲ್ಲಿ ಬಂದಿರೋ ಬ್ಯಾಕ್‌ಫಿಲ್ ಕಮಾಂಡ್ ಓಡಿಸಿ ಅಂತೀನಿ, ಅದು ಇಲ್ಲದಿರೋ ಬ್ಲಾಬ್‌ಗಳನ್ನ ದೊಡ್ಡ ದೊಡ್ಡ ಕಂತಲ್ಲಿ ತರತ್ತೆ. ಹೊಸ ಸ್ಕ್ರಿಪ್ಟ್ ಬಂದ್ರೆ ಮೊದ್ಲು ಚೆಕ್‌ಔಟ್ ಮುಗಿಸಿ, ಗಿಟ್ 2.45ರಿಂದ ಇರೋ 'ನೋ ಲೇಝಿ ಫೆಚ್' ಆಪ್ಷನ್ ಹಾಕಿ ಓಡಿಸ್ತೀನಿ, ಆಗ ಆಬ್ಜೆಕ್ಟ್ ಇಲ್ಲ ಅಂದ್ರೆ ಗಿಟ್ ಸದ್ದಿಲ್ಲದೆ ತರೋ ಬದಲು ಅಲ್ಲೇ ಫೇಲ್ ಆಗತ್ತೆ, ಸ್ಕ್ರಿಪ್ಟಿನ ಯಾವ ಸಾಲಿಗೆ ಬ್ಲಾಬ್ ಬೇಕಾಯ್ತು ಅನ್ನೋದು ಜಾಬ್‌ನ ಔಟ್‌ಪುಟಲ್ಲೇ ಸಿಗತ್ತೆ.