ಕಾರಿಗೆ ಆ ಹೊಳಪು ಯಾವ ಬ್ರಷ್‌ನಿಂದ ಬರುತ್ತೆ?

ನಾನು ಕಂಪ್ಯೂಟರ್‌ನಲ್ಲಿ ಕಾರಿನ ಡಿಸೈನ್ ಚಿತ್ರ ಬರೆಯುತ್ತೇನೆ. ಅದು ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಒಂದಿದೆ. ಕಾಲೇಜು ಹುಡುಗರು ಕೇಳುತ್ತಾರೆ, ಭಾನುವಾರದ ಕ್ಲಾಸಿಗೆ ಬರುವ ಇಂಜಿನಿಯರುಗಳು ಕೇಳುತ್ತಾರೆ, ಮೊನ್ನೆ ಅಕ್ಕನ ಮಗನೂ ಕೇಳಿದ. “ಚಿತ್ರದಲ್ಲಿ ಕಾರು ಹಾಗೆ ಹೊಳೆಯುತ್ತಲ್ಲ ಮಾಮ, ಅದಕ್ಕೆ ಯಾವ ಬ್ರಷ್? ಯಾವ ಸಾಫ್ಟ್‌ವೇರ್?”

ಸಾಫ್ಟ್‌ವೇರ್ ಮಾತು ಮೊದಲು ಮುಗಿಸಿಬಿಡುತ್ತೇನೆ. ಫೋಟೋಶಾಪ್ ಇದ್ದರೆ ಆಯಿತು. ಇಲ್ಲದಿದ್ದರೆ ಕ್ರಿಟಾ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ, ಈ ಕೆಲಸಕ್ಕೆ ಬೇಕಾದ್ದೆಲ್ಲ ಅದರಲ್ಲಿದೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಸ್ಕ್ರೀನ್ ಇಲ್ಲದ ಸಣ್ಣ ಪೆನ್ ಟ್ಯಾಬ್ಲೆಟ್ ತನ್ನಿ, ಅಂದರೆ ಪೆನ್ನಿನಲ್ಲಿ ಬರೆದದ್ದನ್ನು ಕಂಪ್ಯೂಟರಿನಲ್ಲಿ ಮೂಡಿಸುವ ಹಲಗೆ. ಕೈ ಒಂದು ಕಡೆ, ಕಣ್ಣು ಒಂದು ಕಡೆ ಇರುವುದರಿಂದ ಮೊದಮೊದಲು ಕಷ್ಟ. ಆಮೇಲೆ ರೂಢಿಯಾಗುತ್ತದೆ. ಬ್ರಷ್ ಎರಡು ಸಾಕು. ಅಂಚು ಗಟ್ಟಿಯಾಗಿರುವುದೊಂದು, ಮೆತ್ತಗಿರುವುದೊಂದು.

ಹೊಳಪನ್ನು ನಾನು ಕಲಿತದ್ದು ವಿಲ್ಸನ್ ಗಾರ್ಡನ್ನಿನ ಒಂದು ಟಿಂಕರಿಂಗ್ ಗ್ಯಾರೇಜಿನಲ್ಲಿ. ನಮ್ಮ ಕಾರಿನ ಹಿಂದಿನ ಡೋರಿಗೆ ಆಟೋ ತಗುಲಿ ಡೆಂಟ್ ಬಿದ್ದಿತ್ತು. ಮೇಸ್ತ್ರಿ ತಗಡು ತಟ್ಟಿ, ಪುಟ್ಟಿ ಬಳಿದು, ಉಜ್ಜಿ, ಬಣ್ಣ ಹೊಡೆದಿದ್ದರು. ನನಗೆ ಎಲ್ಲ ಸರಿಯಾಗೇ ಕಂಡಿತು. ಅವರು ಮಾತ್ರ ಡೋರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಬಣ್ಣದೊಳಗೆ ಕಾಣುತ್ತಿದ್ದ ಟ್ಯೂಬ್‌ಲೈಟನ್ನೇ ನೋಡುತ್ತಿದ್ದರು. ತಲೆಯನ್ನು ಮೆಲ್ಲಗೆ ಆಚೀಚೆ ಆಡಿಸಿದರು. “ನೋಡಿ ಸಾರ್, ಹ್ಯಾಂಡಲ್ ಹತ್ರ ಬಂದಾಗ ಲೈಟು ಸೊಟ್ಟ ಆಗುತ್ತೆ ಅಲ್ವಾ? ತಗಡು ಇನ್ನೂ ಕೂತಿಲ್ಲ,” ಅಂದರು. ನಾನೂ ಪಕ್ಕದಲ್ಲಿ ಕೂತೆ. ಬಿಳಿ ಗೆರೆ ನೆಟ್ಟಗೆ ಬಂದು, ಹ್ಯಾಂಡಲ್ ಕೆಳಗೆ ಒಂದು ಗೇಣಿನಷ್ಟು ದೂರ ನೀರಿನಲ್ಲಿ ಅಲುಗಿದ ಹಾಗೆ ಬಳುಕಿ, ಮತ್ತೆ ನೆಟ್ಟಗಾಗುತ್ತಿತ್ತು. ಅವತ್ತು ಮನೆಗೆ ಬಂದು ನನ್ನ ಹಳೇ ಚಿತ್ರಗಳನ್ನೆಲ್ಲ ತೆಗೆದು ನೋಡಿದೆ. ಒಂದರಲ್ಲೂ ಆ ಗೆರೆ ಇರಲಿಲ್ಲ.

ಕಾರಿನ ಮೈ ಒಂದು ಬಾಗಿದ ಕನ್ನಡಿ. ಸುತ್ತ ಇರುವುದನ್ನು ತೋರಿಸುತ್ತದೆ, ತೋರಿಸುವಾಗ ತನ್ನ ಆಕಾರಕ್ಕೆ ತಕ್ಕ ಹಾಗೆ ಬಗ್ಗಿಸುತ್ತದೆ. ಆ ಬಾಗು ನೋಡಿಯೇ ನಮ್ಮ ಕಣ್ಣಿಗೆ ಆಕಾರ ತಿಳಿಯುವುದು. ದೊಡ್ಡ ಕಾರ್ ಕಂಪನಿಗಳ ಸ್ಟುಡಿಯೋಗಳಲ್ಲಿ ಹೊಸ ಕಾರನ್ನು ಜೇಡಿಯಂಥ ಕ್ಲೇಯಲ್ಲಿ ಮಾಡುತ್ತಾರೆ. ಕ್ಲೇ ಹೊಳೆಯುವುದಿಲ್ಲ. ಅದಕ್ಕೇ ಅದರ ಮೇಲೆ ಡೈ-ನಾಕ್ ಅನ್ನುವ ತೆಳುವಾದ ಫಿಲ್ಮ್ ಎಳೆದು ಅಂಟಿಸಿ, ಅದರಲ್ಲಿ ಬೆಳಕು ಹೇಗೆ ಓಡುತ್ತದೆ ಅಂತ ನೋಡುತ್ತಾರೆ. ನಮ್ಮ ಮೇಸ್ತ್ರಿ ಟ್ಯೂಬ್‌ಲೈಟಿನಲ್ಲಿ ಮಾಡಿದ್ದೂ ಅದನ್ನೇ.

ಹಾಗಾದರೆ ಚಿತ್ರದಲ್ಲಿ ಕಾರಿನ ಮೇಲೆ ಏನು ಕಾಣಬೇಕು? ಜಯನಗರದಲ್ಲಿ ಮರದ ಕೆಳಗೆ ನಿಲ್ಲಿಸಿದ ಕಾರು ನೋಡಿ. ಬಾನೆಟ್ ತುಂಬ ಎಲೆ, ಕೊಂಬೆ, ಕರೆಂಟ್ ತಂತಿ, ಎದುರುಮನೆಯ ಗ್ರಿಲ್ಲು. ನೋಡಲು ಬಹಳ ಚೆಂದ. ಆದರೆ ಅದನ್ನು ಹಾಗೇ ಬರೆದರೆ ಕಾರಿನ ಆಕಾರವೇ ಕಳೆದುಹೋಗುತ್ತದೆ. ಅದಕ್ಕೇ ಡಿಸೈನರುಗಳು ತಮ್ಮ ಕಾರನ್ನು ಮನಸ್ಸಿನಲ್ಲೇ ಬಯಲಿಗೆ ಒಯ್ದು ನಿಲ್ಲಿಸುತ್ತಾರೆ. ಮೇಲೆ ಆಕಾಶ, ಕೆಳಗೆ ನೆಲ, ನಡುವೆ ಎರಡೂ ಸೇರುವ ಕಡೆ ಒಂದು ಕಪ್ಪು ಪಟ್ಟಿ. ನಿಜವಾಗಿ ನೋಡಬೇಕಿದ್ದರೆ ಬೆಳಿಗ್ಗೆ ಬೇಗ ಹೆಸರಘಟ್ಟದ ಹುಲ್ಲುಗಾವಲಿನ ಕಡೆ ಹೋಗಿ, ಅಲ್ಲಿ ನಿಂತ ಕಾರಿನ ಡೋರು ನೋಡಿ. ಹ್ಯಾಂಡಲ್ ಮೇಲೆ ಉದ್ದಕ್ಕೆ ಓಡುವ ಮಡಿಕೆಗೆ ಶೋಲ್ಡರ್ ಲೈನ್ ಅನ್ನುತ್ತಾರೆ. ಅದರ ಮೇಲಿನ ಭಾಗ ಆಕಾಶಕ್ಕೆ ಮುಖ ಮಾಡಿದೆ, ಅದಕ್ಕೇ ಬೆಳ್ಳಗಿದೆ. ಮಡಿಕೆಯ ಕೆಳಗೆ, ನೆಟ್ಟಗೆ ನಿಂತ ಭಾಗದಲ್ಲಿ ಕಪ್ಪು ಪಟ್ಟಿ ಕಾಣುತ್ತದೆ. ಇನ್ನೂ ಕೆಳಗೆ ಡೋರು ಒಳಕ್ಕೆ ಸರಿಯುತ್ತದೆ, ಅಲ್ಲಿ ನೆಲದ ಬಣ್ಣ.

ಈಗ ಇದನ್ನು ಕಂಪ್ಯೂಟರಿಗೆ ತರೋಣ. ಪೆನ್ಸಿಲ್ ಗೆರೆಯ ಚಿತ್ರವನ್ನು ಮೊಬೈಲಿನಲ್ಲಿ ಫೋಟೋ ತೆಗೆದರೂ ನಡೆಯುತ್ತದೆ. ಲೇಯರ್ ಅಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಯ ಹಾಗೆ. ಚಿತ್ರವನ್ನು ಎಲ್ಲಕ್ಕಿಂತ ಮೇಲಿನ ಲೇಯರಿನಲ್ಲಿಟ್ಟು, ಆ ಲೇಯರಿನ ಬ್ಲೆಂಡ್ ಮೋಡ್ (ಕೆಳಗಿನದರ ಜೊತೆ ಬೆರೆಯುವ ರೀತಿ) ಮಲ್ಟಿಪ್ಲೈ ಮಾಡಿ. ಕಾಗದದ ಬಿಳಿ ಮಾಯವಾಗಿ ಗೆರೆ ಮಾತ್ರ ಉಳಿಯುತ್ತದೆ. ಫೋಟೋಶಾಪಿಗೆ ಲೇಯರ್ ಬಂದದ್ದು 1994ರಲ್ಲಿ. ಅದಕ್ಕೂ ಮುಂಚೆ ಕಾಗದದ ಮೇಲೆ ಮಾರ್ಕರ್, ಹತ್ತಿಯಲ್ಲಿ ಉಜ್ಜಿದ ಚಾಕ್ ಪುಡಿ, ಕೊನೆಗೆ ಬಿಳಿ ಗೌಷ್ ಬಣ್ಣ ಅಂತ ಮಾಡುತ್ತಿದ್ದರು. ಒಂದು ಕಡೆ ಕೈ ತಪ್ಪಿದರೆ ಮತ್ತೆ ಮೊದಲಿಂದ. ಮಲ್ಟಿಪ್ಲೈ ಅನ್ನುವುದು ಮಾರ್ಕರ್ ಮೇಲೆ ಮಾರ್ಕರ್ ಎಳೆದ ಹಾಗೆ, ಎಳೆದಷ್ಟೂ ಕಪ್ಪಾಗುತ್ತದೆ.

ಗೆರೆಯ ಕೆಳಗೆ ಕಾರಿನ ಬಣ್ಣ ತುಂಬಿ. ಕೆಂಪು, ನೀಲಿಯ ಆಸೆ ಸದ್ಯಕ್ಕೆ ಬಿಡಿ, ಮೊದಲ ಕಾರು ಕಪ್ಪಾಗಿರಲಿ. ಕಪ್ಪು ಕಾರಿಗೆ ತನ್ನದೇ ಬಣ್ಣ ಅಂತ ಬಹಳ ಕಡಿಮೆ, ಕಾಣುವುದೆಲ್ಲ ಪ್ರತಿಬಿಂಬವೇ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ.

ಮುಂದಿನದು ಮುಖ್ಯ, ದಯವಿಟ್ಟು ನಿಧಾನವಾಗಿ ಓದಿ. ಅಂಚು ಸುತ್ತಿ ಗುರುತು ಹಾಕುವ ಪೆನ್ ಟೂಲ್ ಅಥವಾ ಲ್ಯಾಸೋದಲ್ಲಿ ಶೋಲ್ಡರ್ ಲೈನಿನ ಮೇಲಿನ ಭಾಗವನ್ನು ಕತ್ತರಿಸಿದ ಹಾಗೆ ಸೆಲೆಕ್ಟ್ ಮಾಡಿ. ಇನ್ನು ಬಣ್ಣ ಆ ಭಾಗದೊಳಗೆ ಮಾತ್ರ ಹತ್ತುತ್ತದೆ. ಈಗ ಮೆತ್ತನೆಯ ದೊಡ್ಡ ಬ್ರಷ್ ತೆಗೆದುಕೊಂಡು, ಬ್ರಷ್‌ನ ಅರ್ಧ ಸೆಲೆಕ್ಷನ್ನಿನ ಹೊರಗೇ ಇರುವಂತೆ, ಅಂಚಿನುದ್ದಕ್ಕೂ ಒಂದೇ ಸಲ ತಿಳಿ ನೀಲಿ ಎಳೆಯಿರಿ. ಸೆಲೆಕ್ಷನ್ ತೆಗೆದಾಗ ಒಂದು ಕಡೆ ಚಾಕುವಿನಲ್ಲಿ ಕೊಯ್ದಂಥ ಅಂಚು, ಇನ್ನೊಂದು ಕಡೆ ಮೆಲ್ಲಗೆ ಕರಗಿದ ಬೆಳಕು. ಗಟ್ಟಿ ಅಂಚು ತಗಡಿನ ಮಡಿಕೆ. ಕರಗುವ ಕಡೆ ತಗಡು ನಿಧಾನವಾಗಿ ತಿರುಗುತ್ತಿದೆ. ಕಾರಿನ ಪೂರ್ತಿ ಮೈಯನ್ನು ಹೀಗೇ ಮಾಡಬಹುದು. ಹೊಸಬರು ಸೆಲೆಕ್ಷನ್ ಇಲ್ಲದೆ ಎಲ್ಲ ಕಡೆ ಮೆತ್ತನೆಯ ಬ್ರಷ್ ಆಡಿಸುತ್ತಾರೆ. ಆಗ ಕಾರು ಸೋಪಿನ ಹಾಗೆ ಕಾಣುತ್ತದೆ.

ಇನ್ನೊಂದು ವಿಷಯವಿದೆ, ಇದನ್ನು ರಸ್ತೆಯಲ್ಲೇ ಕಲಿಯಬಹುದು. ಮುಂದೆ ನಿಂತ ಕಾರಿನ ಕಿಟಕಿ ಗಾಜನ್ನು ನೇರವಾಗಿ ನೋಡಿದರೆ ಒಳಗಿನ ಸೀಟು ಕಾಣುತ್ತದೆ. ಅದೇ ಗಾಜನ್ನು ತೀರಾ ಓರೆಯಾಗಿ ನೋಡಿದರೆ ಆಕಾಶ ಮಾತ್ರ ಕಾಣುತ್ತದೆ. ನೋಟ ಓರೆಯಾದಷ್ಟೂ ಪ್ರತಿಬಿಂಬ ಜಾಸ್ತಿ. ಇದಕ್ಕೆ ಫ್ರೆನೆಲ್ ಪರಿಣಾಮ ಅಂತ ಹೆಸರು, ಬೆಳಕಿನ ಬಗ್ಗೆ ಕೆಲಸ ಮಾಡಿದ ಫ್ರಾನ್ಸಿನ ವಿಜ್ಞಾನಿಯ ಹೆಸರಿನಿಂದ ಬಂದದ್ದು. ಹಾಗಾಗಿ ಬಾನೆಟ್ಟಿನ ನಮ್ಮಿಂದ ದೂರದ ಅಂಚು ಜಾಸ್ತಿ ಬೆಳ್ಳಗಿರಲಿ, ಹತ್ತಿರದ ಭಾಗದಲ್ಲಿ ಕಾರಿನ ಸ್ವಂತ ಬಣ್ಣ ಉಳಿಯಲಿ. ಇಷ್ಟು ಮಾಡಿದರೆ ಸಾಕು, ಚಪ್ಪಟೆಯಾಗಿದ್ದ ಬಾನೆಟ್ ಎದ್ದು ನಿಲ್ಲುತ್ತದೆ.

ಚಕ್ರಕ್ಕೆ ಬೇರೆಯದೇ ಅಭ್ಯಾಸ ಬೇಕು, ಅದನ್ನು ಇನ್ನೊಂದು ಸಲ ಬರೆಯುತ್ತೇನೆ.

“ಈಗ ಎಐ ಒಂದು ನಿಮಿಷದಲ್ಲಿ ಮಾಡಿಕೊಡುತ್ತಲ್ಲ?” ಅಂತಲೂ ಕೇಳುತ್ತಾರೆ. ಕೊಡುತ್ತದೆ, ಹೊಳಪೂ ಇರುತ್ತದೆ. ಆದರೆ ಆ ಚಿತ್ರದ ಕಪ್ಪು ಪಟ್ಟಿಯನ್ನು ಬೆರಳಿಟ್ಟು ಹಿಂಬಾಲಿಸಿ ನೋಡಿ. ಎಷ್ಟೋ ಸಲ ಮುಂದಿನ ಡೋರಿನಲ್ಲಿ ಹೊರಟದ್ದು ಹಿಂದಿನ ಚಕ್ರದ ಹತ್ತಿರ ಬರುವ ಹೊತ್ತಿಗೆ ಕಾರಣವಿಲ್ಲದೆ ನಿಂತುಹೋಗಿರುತ್ತದೆ. ಕ್ಲೇ ಮಾಡುವವರ ಕೈಗೆ ಅದನ್ನು ಕೊಟ್ಟರೆ ತಗಡು ಎಲ್ಲಿ ತಿರುಗಬೇಕು ಅಂತ ಅವರಿಗೆ ತಿಳಿಯುವುದಾದರೂ ಹೇಗೆ?

ಕಟ್ಟಕಡೆಗೆ ಬಿಳಿ. ಎಲ್ಲಕ್ಕಿಂತ ಮೇಲೆ ಹೊಸ ಲೇಯರ್ ತೆಗೆದು, ಗಟ್ಟಿ ಬ್ರಷ್‌ನಲ್ಲಿ ಐದಾರು ಚುಕ್ಕೆ ಇಡಿ. ಎರಡು ಮಡಿಕೆ ಸೇರುವ ಮೂಲೆಯಲ್ಲಿ, ಕನ್ನಡಿಯ ಮೇಲಂಚಿನಲ್ಲಿ, ಹೆಡ್‌ಲೈಟಿನ ಒಳಗೆ. ಏಳನೆಯದು ಇಡೋಣ ಅನ್ನಿಸಿದಾಗ ಪೆನ್ ಕೆಳಗಿಟ್ಟು, ಫೈಲ್ ಸೇವ್ ಮಾಡಿ.