ಬಾಣಂತಿಯ ತಲೆನೋವು, ನಾವು ಶೀತ ಅಂದ್ಕೊಂಡಿದ್ದು

ತಂಗಿಗೆ ಹೆರಿಗೆಯಾಗಿ ಐದನೇ ದಿನ ತಲೆನೋವು ಶುರುವಾಯಿತು. ಶೀತ ಹತ್ತಿದೆ ಅಂತ ಅಮ್ಮ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದು ಮಲಗಿಸಿದಳು. ನಾನೂ ಹೂಂ ಅಂದೆ. ಬಾಣಂತನದಲ್ಲಿ ಅಮ್ಮನಿಗೆ ಎದುರಾಡೋ ಧೈರ್ಯ ಯಾರಿಗಿದೆ?

ಸಂಜೆ "ಅಕ್ಕಾ, ಲೈಟ್ ಯಾಕೆ ಆರಿಸಿದೆ?" ಅಂದಳು. ಲೈಟ್ ಉರಿಯುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಫಿಟ್ಸ್ ಬಂತು.

ಆಸ್ಪತ್ರೆಯಲ್ಲಿ ನೋಡಿದರೆ ಬಿಪಿ 190/110. ಬಸುರಿಯಾಗಿದ್ದಾಗ ಒಮ್ಮೆಯೂ ಜಾಸ್ತಿ ಇರಲಿಲ್ಲ! ಸಿಟಿ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ, ಎಂಆರ್‌ಐ ಮಾಡಿದ ಮೇಲೆ ಮೆದುಳಿನ ಹಿಂಭಾಗ ಎರಡೂ ಕಡೆ ಬೆಳ್ಳಗೆ ಕಂಡಿತು. ಬಾಣಂತಿಯರಿಗೆ ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೂ ಹೀಗೇ ಆಗಬಹುದಂತೆ, ಅದಿಲ್ಲ ಅಂತ ಖಾತ್ರಿ ಮಾಡಿಕೊಂಡು ಡಾಕ್ಟರ್ "ಇದು ಪ್ರೆಸ್" ಅಂದರು. ನನಗೆ ಪ್ರೆಸ್ ಅಂದರೆ ಇಸ್ತ್ರಿ ಅಂಗಡಿ.

ಪೂರ್ತಿ ಹೆಸರು ಪೋಸ್ಟೀರಿಯರ್ ರಿವರ್ಸಿಬಲ್ ಎನ್ಸೆಫಲೋಪತಿ ಸಿಂಡ್ರೋಮ್, ಅಂದರೆ ಮೆದುಳಿನ ಹಿಂಭಾಗಕ್ಕೆ ಬರುವ, ಮತ್ತೆ ಸರಿಹೋಗಬಲ್ಲ ತೊಂದರೆ. ವೈದ್ಯರು ಇದನ್ನು ಬೇರೆಯಾಗಿ ಗುರುತಿಸಿದ್ದೇ 1996ರಲ್ಲಿ. ಬಿಪಿ ಒಮ್ಮೆಲೇ ಏರಿದಾಗ ಮೆದುಳಿನ ಸಣ್ಣ ರಕ್ತನಾಳಗಳಿಂದ ನೀರು ಜಿನುಗಿ ಸುತ್ತಲೂ ಬಾವು ಬರುತ್ತದೆ. ನೋಡಿದ್ದನ್ನು ಅರ್ಥ ಮಾಡಿಕೊಳ್ಳುವ ಜಾಗ ಇರೋದು ಹಿಂಭಾಗದಲ್ಲೇ, ಅದಕ್ಕೇ ಕಣ್ಣು ಸರಿಯಿದ್ದರೂ ಅವಳಿಗೆ ಕತ್ತಲೆ. ಕಿಡ್ನಿ ತೊಂದರೆ ಇದ್ದವರಿಗೆ, ಕಿಡ್ನಿ ಕಸಿಯಾದ ಮೇಲೆ ಕೊಡುವ ಟ್ಯಾಕ್ರೋಲಿಮಸ್‌ನಂಥ ಮಾತ್ರೆಯಿಂದ, ಕೆಲವು ಕ್ಯಾನ್ಸರ್ ಔಷಧಿಗಳಿಂದಲೂ ಬರುತ್ತದೆ. ಆಗ ಡಾಕ್ಟರೇ ಆ ಔಷಧಿ ನಿಲ್ಲಿಸುತ್ತಾರೆ, ಇಲ್ಲವೇ ಬದಲಿಸುತ್ತಾರೆ.

ಬಿಪಿ ಬೇಗ ಇಳಿಸಿ ಅಂತ ನಾನು ಗಲಾಟೆ ಮಾಡಿದೆ. ಹಾಗೆ ದಿಢೀರ್ ಇಳಿಸಿದರೆ ಮೆದುಳಿಗೆ ರಕ್ತ ಸಾಲದೆ ಹೋಗುತ್ತದಂತೆ, ಮೊದಲ ಕೆಲವು ಗಂಟೆಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಇಳಿಸೋದಿಲ್ಲ. ಫಿಟ್ಸ್ ಮರುಕಳಿಸದಿರಲಿ ಅಂತ ಮೆಗ್ನೀಸಿಯಮ್ ಸಲ್ಫೇಟ್ ಕೊಟ್ಟರು. ಅದು ಮೈಯಲ್ಲಿ ಜಾಸ್ತಿಯಾದರೆ ಉಸಿರಾಟಕ್ಕೇ ಕುತ್ತು. ಹಾಗಾಗಿ ನರ್ಸ್ ಆಗಾಗ ಬಂದು ಮೊಣಕಾಲಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿ, ಕಾಲು ಜಿಗಿಯುತ್ತಾ ನೋಡಿ, ಮೂತ್ರ ಎಷ್ಟಾಯಿತು ಅಂತ ಬರೆದುಕೊಂಡು ಹೋಗುತ್ತಿದ್ದರು.

ಮೂರನೇ ದಿನ ಬೆಳಿಗ್ಗೆ ತಂಗಿ, "ಮಗುವಿಗೆ ಈ ಹಸಿರು ಟೋಪಿ ಯಾರು ತಂದಿದ್ದು, ಚೆನ್ನಾಗಿಲ್ಲ" ಅಂದಳು. ನಾನೇ ತಂದಿದ್ದು. ಅಳು ಬಂತು.

ಹೆಚ್ಚಿನವರು ಹೀಗೆ ಕೆಲವು ದಿನ ಅಥವಾ ವಾರಗಳಲ್ಲಿ ಸರಿಹೋಗುತ್ತಾರೆ. ಆದರೆ ತಡವಾದರೆ, ಅಥವಾ ಮೆದುಳಲ್ಲಿ ರಕ್ತಸ್ರಾವವಾದರೆ, ಹೆಸರಿನಲ್ಲಿ ರಿವರ್ಸಿಬಲ್ ಇದ್ದ ಮಾತ್ರಕ್ಕೆ ಎಲ್ಲ ಮೊದಲಿನಂತಾಗುತ್ತೆ ಅನ್ನೋಹಾಗಿಲ್ಲ. ಹೆರಿಗೆಯಾಗಿ ಆರು ವಾರದವರೆಗೂ ಬಿಪಿ ಹೀಗೆ ಏರಬಹುದು. ಬಾಣಂತಿ ತಲೆನೋವು ಅಂದರೆ, ಕಣ್ಣು ಮಂಜು ಅಂದರೆ, ಮೊದಲು ಬಿಪಿ ನೋಡಿಸಿ. ಹತ್ತಿ ಆಮೇಲೆ ಇಟ್ಟರಾಯಿತು.