ನಮ್ಮ ಕಡೆಗೆ ಬಂದ ಬೆಳ್ಳಿ, ಬಾರದೆ ಉಳಿದ ಅಲೆಕ್ಸಾಂಡ್ರಿಯದ ನಾಣ್ಯ

ರೋಮನ್ ನಾಣ್ಯಗಳನ್ನು ಸಂಗ್ರಹಿಸುವವರು ಅವುಗಳನ್ನು ಸಾಮಾನ್ಯವಾಗಿ ಎರಡು ಗುಂಪುಗಳಾಗಿ ವಿಂಗಡಿಸುತ್ತಾರೆ. ರೋಮ್ ಅಥವಾ ಲಗ್ಡುನಮ್, ಅಂದರೆ ಇಂದಿನ ಫ್ರಾನ್ಸಿನ ಲಿಯೋನ್, ಇಂಥ ಟಂಕಸಾಲೆಗಳಲ್ಲಿ ಚಕ್ರವರ್ತಿಯ ಹೆಸರಿನಲ್ಲಿ ಅಚ್ಚಾಗಿ, ಲ್ಯಾಟಿನ್ ಬರಹ ಹೊತ್ತು ದೂರದೂರದವರೆಗೆ ಚಲಾವಣೆಯಾದವು ಸಾಮ್ರಾಜ್ಯದ ನಾಣ್ಯಗಳು. ಪೂರ್ವದ ನಗರಗಳೂ ಪ್ರಾಂತ್ಯಗಳೂ ತಮ್ಮ ತಮ್ಮ ಸೀಮೆಯ ಬಳಕೆಗೆಂದು, ಬಹುಪಾಲು ಗ್ರೀಕ್ ಬರಹದೊಡನೆ, ಹೊರಡಿಸಿದವು ಪ್ರಾಂತೀಯ ನಾಣ್ಯಗಳು. ಈ ವಿಂಗಡಣೆಯ ಅರ್ಥ ತುಮಕೂರಿನಲ್ಲಿ ಕುಳಿತು ನೋಡುವವನಿಗೆ ಎಷ್ಟು ಚೆನ್ನಾಗಿ ತಿಳಿಯುತ್ತದೆಯೋ ಅಷ್ಟು ಚೆನ್ನಾಗಿ ರೋಮಿನಲ್ಲಿ ಕುಳಿತವನಿಗೂ ತಿಳಿಯಲಾರದು ಎಂಬುದು ನನ್ನ ನಂಬಿಕೆ. ಏಕೆಂದರೆ ಮೊದಲನೆಯ ಗುಂಪಿನ ನಾಣ್ಯಗಳು ಸಮುದ್ರ ದಾಟಿ ನಮ್ಮ ನೆಲಕ್ಕೆ ಬಂದವು, ಎರಡನೆಯ ಗುಂಪಿನವು ಹೆಚ್ಚುಕಡಿಮೆ ಅಲ್ಲಿಯೇ ಉಳಿದವು.

ನಮ್ಮೂರಿನಿಂದ ಶಿರಾ, ಹಿರಿಯೂರು ದಾಟಿ ಹೋದರೆ ಚಿತ್ರದುರ್ಗದ ಬೆಟ್ಟದ ಮಗ್ಗುಲಲ್ಲೇ ಚಂದ್ರವಳ್ಳಿ ಇದೆ. 1929ರಲ್ಲಿ ಎಂ. ಎಚ್. ಕೃಷ್ಣ ಅವರು, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಅಗೆಸಿದ ಆ ನೆಲೆಯಲ್ಲಿ ಸಾತವಾಹನರ ಕಾಲದ ನಾಣ್ಯಗಳ ಜೊತೆಗೆ ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿಯ ಡೆನೇರಿಯಸ್‌ಗಳೂ ದೊರೆತವು. ನಮ್ಮೂರಿನ ಇನ್ನೊಂದು ಬದಿಯಲ್ಲಿ, ಬೆಂಗಳೂರಿನ ಯಶವಂತಪುರದ ಬಳಿ, 19ನೇ ಶತಮಾನದ ಕೊನೆಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿಯೇ ಸಿಕ್ಕಿತು. ದಕ್ಷಿಣ ಭಾರತದ ಇಂಥ ನಿಧಿಗಳಲ್ಲಿ ಎರಡು ಬಗೆಯ ಡೆನೇರಿಯಸ್‌ಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಒಂದರ ಹಿಂಬದಿಯಲ್ಲಿ ಅಗಸ್ಟಸ್‌ನ ಮೊಮ್ಮಕ್ಕಳೂ ದತ್ತುಪುತ್ರರೂ ಆದ ಗೇಯಸ್ ಮತ್ತು ಲೂಷಿಯಸ್ ನಿಂತಿದ್ದಾರೆ, ನಡುವೆ ಅವರ ಗುರಾಣಿ, ಈಟಿಗಳಿವೆ. ಇನ್ನೊಂದು ಟೈಬೀರಿಯಸ್‌ನದು, ಅದರ ಹಿಂಬದಿಯಲ್ಲಿ ಕೈಯಲ್ಲಿ ರಾಜದಂಡವನ್ನೂ ಚಿಗುರು ಕೊಂಬೆಯನ್ನೂ ಹಿಡಿದ ಸ್ತ್ರೀ ಆಸೀನಳಾಗಿದ್ದಾಳೆ. ಎರಡೂ ಲಗ್ಡುನಮ್ಮಿನ ಅಚ್ಚಿನವು.

ಇವೇ ಏಕೆ? ಉತ್ತರ ಲೋಹದಲ್ಲಿದೆ. ಆ ಕಾಲದ ಡೆನೇರಿಯಸ್ ಬಹುತೇಕ ಅಪ್ಪಟ ಬೆಳ್ಳಿ. ಒಂದು ರೋಮನ್ ಪೌಂಡ್ ಬೆಳ್ಳಿಗೆ 84 ನಾಣ್ಯ ಎಂಬ ಲೆಕ್ಕ. ಕ್ರಿ.ಶ. 64ರ ಸುಮಾರಿಗೆ ಚಕ್ರವರ್ತಿ ನೀರೋ ಅದನ್ನು 96ಕ್ಕೆ ಏರಿಸಿ ಪ್ರತಿ ನಾಣ್ಯದ ತೂಕ ಇಳಿಸಿದ್ದಲ್ಲದೆ ಬೆಳ್ಳಿಯ ಶುದ್ಧತೆಯನ್ನೂ ತಗ್ಗಿಸಿದ. ಭಾರತದ ನಿಧಿಗಳಲ್ಲಿ ಆ ಹೊಸ ಬೆಳ್ಳಿ ನಾಣ್ಯಗಳು ತೀರ ವಿರಳ. ನಮ್ಮ ವರ್ತಕರಿಗೆ ಚಕ್ರವರ್ತಿಯ ಮುಖ ಮುಖ್ಯವಾಗಿರಲಿಲ್ಲ, ತಕ್ಕಡಿ ಮತ್ತು ಒರೆಗಲ್ಲು ಹೇಳಿದ್ದೇ ಅವರಿಗೆ ಪ್ರಮಾಣವಾಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತೋಚುವುದಿಲ್ಲ. ಭಾರತವು ವರ್ಷಕ್ಕೆ 5 ಕೋಟಿ ಸೆಸ್ಟರ್ಸ್‌ಗಳನ್ನು ಸೆಳೆದುಕೊಳ್ಳುತ್ತಿದೆ ಎಂದು ರೋಮಿನ ಲೇಖಕ ಪ್ಲಿನಿ ದೂರಿದ್ದಾನೆ. ಒಂದು ಡೆನೇರಿಯಸ್‌ಗೆ 4 ಸೆಸ್ಟರ್ಸ್ ಆದುದರಿಂದ ಅದು 1 ಕೋಟಿ 25 ಲಕ್ಷ ಡೆನೇರಿಯಸ್‌ಗೆ ಸಮ. ಆತನ ಅಂಕಿಯಲ್ಲಿ ಉತ್ಪ್ರೇಕ್ಷೆ ಇರಬಹುದು, ಆದರೆ ಬೆಳ್ಳಿ, ಬಂಗಾರ ಹರಿದು ಬಂದದ್ದನ್ನು ನಿಧಿಗಳೇ ಹೇಳುತ್ತವೆ.

ಈಗ, ಆ ಕಾಲಕ್ಕೆ ರೋಮಿನ ಪ್ರಾಂತ್ಯವಾಗಿದ್ದ ಈಜಿಪ್ಟಿನ ಅಲೆಕ್ಸಾಂಡ್ರಿಯದ ಮಾತು. ನನ್ನ ಸಂಗ್ರಹದಲ್ಲಿ ನಾನು ಅತಿ ಹೆಚ್ಚು ಬಾರಿ ಕೈಗೆತ್ತಿಕೊಳ್ಳುವುದು ನೀರೋನ ಹೆಸರಿನಲ್ಲಿ ಅಲ್ಲಿ ಅಚ್ಚಾದ ಒಂದು ಟೆಟ್ರಾಡ್ರಾಕ್ಮ್, ಅಂದರೆ ನಾಲ್ಕು ಡ್ರಾಕ್ಮ್ ಬೆಲೆಯ ನಾಣ್ಯ. ಡೆನೇರಿಯಸ್‌ಗಿಂತ ದಪ್ಪ, ಭಾರ. ಬಣ್ಣ ಮಾತ್ರ ಮಸುಕು, ಏಕೆಂದರೆ ಅದರಲ್ಲಿ ಬೆಳ್ಳಿಗಿಂತ ತಾಮ್ರವೇ ಹೆಚ್ಚು. ಮುಂಬದಿಯಲ್ಲಿ ಸೂರ್ಯಕಿರಣಗಳ ಕಿರೀಟ ಧರಿಸಿದ ನೀರೋ, ದಪ್ಪ ಕತ್ತು, ಸುತ್ತಲೂ ಗ್ರೀಕ್ ಅಕ್ಷರಗಳು. ಹಿಂಬದಿಯಲ್ಲಿ ಅಲೆಕ್ಸಾಂಡ್ರಿಯ ನಗರವೇ ಸ್ತ್ರೀರೂಪದಲ್ಲಿದೆ. ಅವಳ ಶಿರಸ್ತ್ರಾಣ ಆನೆಯ ತಲೆಯ ಚರ್ಮ. ಭೂತಗನ್ನಡಿ ಹಿಡಿದು ಬೆಳಕನ್ನು ಪಕ್ಕದಿಂದ ಬಿಟ್ಟರೆ ಹಣೆಯ ಮೇಲಕ್ಕೆ ಎದ್ದ ಸೊಂಡಿಲು ಸ್ಪಷ್ಟವಾಗಿ ಕಾಣುತ್ತದೆ. ಅವಳ ಮುಖದ ಮುಂದೆ ಇಂಗ್ಲಿಷಿನ ಎಲ್ ಅಕ್ಷರವನ್ನು ಹೋಲುವ ಗುರುತು, ಅದರ ಬಳಿ ಐಯೋಟಾ ಮತ್ತು ಬೀಟಾ. ಆ ಗುರುತಿಗೆ ವರ್ಷವೆಂದು ಅರ್ಥ, ಐಯೋಟಾ 10, ಬೀಟಾ 2. ಅಂದರೆ ಇದು ನೀರೋನ ಆಳ್ವಿಕೆಯ 12ನೇ ವರ್ಷದ, ಕ್ರಿ.ಶ. 65-66ರ ನಾಣ್ಯ. ಈಜಿಪ್ಟಿನ ವರ್ಷ ಆಗಸ್ಟ್ ಕೊನೆಯಲ್ಲಿ ಆರಂಭವಾಗುತ್ತಿದ್ದುದರಿಂದ ಎರಡು ಇಸವಿಗಳನ್ನು ಸೇರಿಸಿ ಬರೆಯುತ್ತೇವೆ. ಇಷ್ಟು ನಿಖರವಾಗಿ ತನ್ನ ವಯಸ್ಸು ಹೇಳುವ ಪ್ರಾಚೀನ ನಾಣ್ಯ ಕೈಯಲ್ಲಿರುವುದು ಸಣ್ಣ ಸಂತೋಷವಲ್ಲ.

ನನ್ನನ್ನು ಈ ನಾಣ್ಯ ಹಿಡಿದಿಟ್ಟಿರುವುದು ಬೇರೊಂದು ಕಾರಣಕ್ಕೆ. ಭಾರತಕ್ಕೆ ಹೊರಟ ಸರಕೂ ಹಣವೂ ಹೆಚ್ಚಾಗಿ ಈಜಿಪ್ಟಿನ ಮೂಲಕವೇ ಸಾಗುತ್ತಿದ್ದವು: ಅಲೆಕ್ಸಾಂಡ್ರಿಯದಿಂದ ನೈಲ್ ನದಿಯಲ್ಲಿ ಕಾಪ್ಟಸ್‌ವರೆಗೆ, ಅಲ್ಲಿಂದ ಒಂಟೆಗಳ ಮೇಲೆ ಕೆಂಪು ಸಮುದ್ರದ ಬೆರೆನೀಕೆ ಅಥವಾ ಮ್ಯೋಸ್ ಹಾರ್ಮಸ್ ರೇವಿಗೆ, ಆಮೇಲೆ ಮುಂಗಾರು ಗಾಳಿಯನ್ನು ನೆಚ್ಚಿ ನಮ್ಮ ಪಶ್ಚಿಮ ಕರಾವಳಿಗೆ. ಹಾಗಿದ್ದೂ ಈಜಿಪ್ಟಿನ ನಾಣ್ಯ ಆ ಹಡಗುಗಳಲ್ಲಿ ಬರಲಿಲ್ಲವೆಂದೇ ಹೇಳಬೇಕು. ಟೆಟ್ರಾಡ್ರಾಕ್ಮನ್ನು ಒಂದು ಡೆನೇರಿಯಸ್‌ಗೆ ಸಮವೆಂದು ಎಣಿಸುತ್ತಿದ್ದುದು ಸರ್ಕಾರದ ಆಜ್ಞೆಯಿಂದ. ಈಜಿಪ್ಟಿನ ಗಡಿಯೊಳಗೆ ಅದೇ ನಡೆಯುತ್ತಿತ್ತು, ಹೊರಗಿನಿಂದ ಬಂದವರು ತಮ್ಮ ಹಣವನ್ನು ಅದಕ್ಕೆ ಬದಲಾಯಿಸಿಕೊಳ್ಳಬೇಕಿತ್ತು. ಗಡಿ ದಾಟಿದೊಡನೆ ಆ ಆಜ್ಞೆಗೆ ಬೆಲೆಯಿಲ್ಲ, ಉಳಿಯುವುದು ಒಳಗಿನ ಬೆಳ್ಳಿಯಷ್ಟೇ. ಹಾಗಾಗಿ ಲಿಯೋನಿನ ಡೆನೇರಿಯಸ್ ಈಜಿಪ್ಟನ್ನು ಹಾದು ಚಂದ್ರವಳ್ಳಿ ತಲುಪಿತು, ದಾರಿಯಲ್ಲೇ ಇದ್ದ ಅಲೆಕ್ಸಾಂಡ್ರಿಯದ ನಾಣ್ಯ ಅಲ್ಲೇ ನಿಂತಿತು.

ಭಾರತದಲ್ಲಿ ಸಿಕ್ಕ ಅನೇಕ ರೋಮನ್ ನಾಣ್ಯಗಳ ಮೇಲೆ ಉಳಿಯೇಟಿನ ಗುರುತುಗಳಿವೆ. 1898ರಲ್ಲಿ ಪುದುಕೋಟೆಯಲ್ಲಿ ದೊರೆತ 501 ಚಿನ್ನದ ನಾಣ್ಯಗಳಲ್ಲಿ ಬಹುಪಾಲಿನವುಗಳ ಮೇಲೆ ಚಕ್ರವರ್ತಿಯ ಮುಖಕ್ಕೆ ಅಡ್ಡಲಾಗಿ ಏಟು ಹಾಕಲಾಗಿದೆ. ಮಾರಾಟಗಾರರು ಇಂಥ ಗುರುತನ್ನು ದೋಷವೆಂದು ಬೆಲೆ ಇಳಿಸುತ್ತಾರೆ. ನನ್ನ ಮಟ್ಟಿಗೆ ಗೀರಿಲ್ಲದ ನಾಣ್ಯಕ್ಕಿಂತ ಅದೇ ಅಮೂಲ್ಯ, ಏಕೆಂದರೆ ಅದರಲ್ಲಿ ನಮ್ಮವರ ಕೈ ಆಡಿದ್ದು ಕಾಣುತ್ತದೆ.

ಆದರೆ ನಮ್ಮ ನೆಲದಲ್ಲಿ ಸಿಕ್ಕಿದ್ದೆಂದು ಯಾರಾದರೂ ಗುಟ್ಟಾಗಿ ತಂದು ತೋರಿಸಿದ ನಾಣ್ಯವನ್ನು ನಾನು ಕೊಳ್ಳುವುದಿಲ್ಲ. ಭೂಮಿಯಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕೆಂಬುದು ಕಾನೂನು. ಅದಕ್ಕಿಂತ ಮಿಗಿಲಾಗಿ, ಯಾವ ಹೊಲದಲ್ಲಿ, ಯಾವ ಮಡಕೆಯಲ್ಲಿ, ಯಾವ ನಾಣ್ಯಗಳ ಜೊತೆ ಸಿಕ್ಕಿತೆಂಬುದು ಒಮ್ಮೆ ಕಳೆದುಹೋದರೆ ಮೇಲೆ ಹೇಳಿದ ಯಾವ ಮಾತನ್ನೂ ಹೇಳಲು ಆಧಾರವೇ ಉಳಿಯುವುದಿಲ್ಲ. ಕೊಳ್ಳುವುದಾದರೆ ಹಳೆಯ ಹರಾಜಿನ ದಾಖಲೆ, ರಸೀದಿ ಇರುವುದನ್ನೇ ಕೊಳ್ಳುತ್ತೇನೆ. ಎರಕದ ನಕಲಿಗಳ ಕಾಟವೂ ಕಡಿಮೆಯಿಲ್ಲ: ಅಂಚಿನಲ್ಲಿ ಅರದಿಂದ ಉಜ್ಜಿದ ಬೆಸುಗೆಯ ಗೆರೆ, ಮೈಮೇಲೆ ಗಾಳಿಗುಳ್ಳೆಯ ಸಣ್ಣ ಕುಳಿಗಳು, ಮೊಂಡಾದ ಅಕ್ಷರಗಳು ಕಂಡರೆ ಕೈಬಿಡುವುದೇ ಕ್ಷೇಮ.

ಹೊಸದಾಗಿ ಆರಂಭಿಸುವವರಿಗೆ ನಾನು ಅಲೆಕ್ಸಾಂಡ್ರಿಯದ ನಾಣ್ಯಗಳನ್ನೇ ಸೂಚಿಸುತ್ತೇನೆ. ಒಳ್ಳೆಯ ಡೆನೇರಿಯಸ್‌ಗಿಂತ ಅವು ಸಾಮಾನ್ಯವಾಗಿ ಅಗ್ಗ, ಮತ್ತು ಪ್ರಾಂತೀಯ ನಾಣ್ಯಗಳ ವಿವರಗಳು ಅಂತರಜಾಲದಲ್ಲಿ ಉಚಿತವಾಗಿಯೇ ಸಿಗುವುದರಿಂದ ಗ್ರೀಕ್ ವರ್ಣಮಾಲೆ ಕಲಿತವರು ತಾವೇ ಗುರುತಿಸಿಕೊಳ್ಳಬಹುದು. ನಾನು ಸದ್ಯ ಹುಡುಕುತ್ತಿರುವುದು ನೀರೋನ 13ನೇ ವರ್ಷದ ಒಂದು ಟೆಟ್ರಾಡ್ರಾಕ್ಮನ್ನು. ಅದರ ಹಿಂಬದಿಯಲ್ಲಿರುವುದು ಟೈಬೀರಿಯಸ್‌ನ ಮುಖ. ಬೆಳ್ಳಿಯಲ್ಲಿ ಚಂದ್ರವಳ್ಳಿಯವರೆಗೆ ಬಂದ ಚಕ್ರವರ್ತಿ ಈ ಮಿಶ್ರಲೋಹದಲ್ಲಿ ಈಜಿಪ್ಟನ್ನು ದಾಟಲಾರದೆ ಹೋದ.